ಸಾಂಚೋನಿಗೆ ದ್ವೀಪ ಸಿಕ್ಕಿತೇ ಎಂದು ಕೇಳುವವರಿಗೆ

ಸಿಕ್ಕಿತು. ಸಿಗಲೂ ಇಲ್ಲ. ಅವಸರವಿರುವವರು ಇಲ್ಲಿಗೇ ಎದ್ದು ಹೋಗಬಹುದು.

ಸಾಂಚೋ ಎಂದರೆ ಸೆರ್ವಾಂಟಿಸನ ಸ್ಪ್ಯಾನಿಷ್ ಕಾದಂಬರಿ ‘ಡಾನ್ ಕ್ವಿಕ್ಸೋಟ್’ನಲ್ಲಿ, ವೀರಕಥೆ ಓದಿ ಓದಿ ಹುಚ್ಚು ಹಿಡಿಸಿಕೊಂಡು ಸಾಹಸಕ್ಕೆ ಹೊರಟ ಡಾನ್ ಕ್ವಿಕ್ಸೋಟ್‌ನ ಸೇವಕ. ನಾನು ಅದನ್ನು ಓದುತ್ತಿರುತ್ತೇನೆ ಎಂದು ತಿಳಿದವರು ಮೊದಲು ಒಡೆಯ ಗಾಳಿಗಿರಣಿಯ ಮೇಲೆ ಬಿದ್ದ ಮಾತೆತ್ತುತ್ತಾರೆ. ಎರಡು ಭಾಗಗಳ 126 ಅಧ್ಯಾಯಗಳಲ್ಲಿ ಅದು ಒಂದೇ ಅಧ್ಯಾಯದ ಒಂದು ತುಣುಕು. ಆಮೇಲೆ ಬರುತ್ತದೆ: “ಆ ದಡ್ಡ ಸೇವಕನಿಗೆ ಕೊನೆಗೂ ದ್ವೀಪ ಕೊಟ್ಟರೇ?” ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕದ ಹಿರಿಯರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, “ಕಥೆ ಬೇಡ, ಹೌದೋ ಅಲ್ಲವೋ ಹೇಳಿಬಿಡಿ” ಎಂದರು. ಕಥೆ ಬೇಡವಾದರೆ ನನ್ನನ್ನು ಕೇಳುವುದೇಕೆ? ದಡ್ಡ ಎಂದದ್ದು ಇನ್ನಷ್ಟು ಉರಿಸಿತು.

ಸಾಂಚೋನ ಬಾಯಲ್ಲಿರುವ ಪದ ‘ಇನ್ಸುಲಾ’. ಸ್ಪೇನಿನ ಜನ ದ್ವೀಪಕ್ಕೆ ಹೇಳುವುದು ‘ಇಸ್ಲಾ’. ಇನ್ಸುಲಾ ಹಳೆಯ ವೀರಕಥೆಗಳ ಸರಕು, ಒಡೆಯನ ತಲೆಯಿಂದ ಸೇವಕನ ತಲೆಗೆ ದಾಟಿದ್ದು. ಯಾವುದೋ ಸಾಹಸದಲ್ಲಿ ಇನ್ಸುಲಾ ಗೆದ್ದು ನಿನ್ನನ್ನು ಗವರ್ನರ್ ಮಾಡುತ್ತೇನೆಂದು ಡಾನ್ ಕ್ವಿಕ್ಸೋಟ್ ಏಳನೆಯ ಅಧ್ಯಾಯದಲ್ಲೇ ಮೂಗಿಗೆ ತುಪ್ಪ ಸವರುತ್ತಾನೆ. ಹತ್ತನೆಯದರಲ್ಲಿ, ಒಂದು ಜಗಳ ಗೆದ್ದ ಕೂಡಲೇ, ಸಾಂಚೋ ಮಂಡಿಯೂರಿ ವಸೂಲಿಗೆ ನಿಲ್ಲುತ್ತಾನೆ. ಇವು ಇನ್ಸುಲಾ ಸಿಗುವ ಸಾಹಸಗಳಲ್ಲ, ದಾರಿ ಕೂಡುವಲ್ಲಿನ ಸಾಹಸಗಳು. ಇಲ್ಲಿ ಸಿಗುವುದು ಒಡೆದ ತಲೆ, ಇಲ್ಲವೇ ಒಂದು ಕಿವಿಯ ನಷ್ಟ ಎನ್ನುತ್ತಾನೆ ಒಡೆಯ.

ಇನ್ಸುಲಾ ಎಂದರೇನು ಎಂದು ಹೆಂಡತಿ ತೆರೇಸಾ ಕೇಳಿದರೆ, ಸಾಂಚೋನ ಉತ್ತರ ನಮ್ಮ ‘ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ’ದ ಜಾತಿಯದೇ. ಎರಡನೆಯ ಭಾಗದಲ್ಲಿ ಒಡೆಯನ ಸೋದರಿಯ ಮಗಳು ಸಿಡುಕುತ್ತಾಳೆ: ಏನದು, ತಿನ್ನುವ ವಸ್ತುವೇ, ಹೊಟ್ಟೆಬಾಕ? ತಿನ್ನುವುದಲ್ಲ, ಆಳುವುದು ಎನ್ನುತ್ತಾನೆ. ಆಳಲು ಕುಳಿತಾಗ ಅದೇ ತಿರುಗುಬಾಣ. ಡ್ಯೂಕನೊಬ್ಬ ತಮಾಷೆಗೆ ತನ್ನದೇ ಊರೊಂದನ್ನು ‘ಬರಟಾರಿಯಾ ಇನ್ಸುಲಾ’ ಎಂದು ಒಪ್ಪಿಸುತ್ತಾನೆ. ಊಟಕ್ಕೆ ಕುಳಿತರೆ ವೈದ್ಯನೊಬ್ಬ ತಟ್ಟೆಗಳನ್ನು ಒಂದೊಂದಾಗಿ ತೆಗೆಸುತ್ತಾನೆ. ನ್ಯಾಯ ತೀರ್ಮಾನದಲ್ಲಿ ಸಾಂಚೋ ಎಲ್ಲರ ಬಾಯಿ ಮುಚ್ಚಿಸುತ್ತಾನೆ, ಹೊಟ್ಟೆ ಮಾತ್ರ ಖಾಲಿ. ಯಾರು ದಡ್ಡ, ನೀವೇ ಹೇಳಿ.

ಸುತ್ತ ನೀರೇ ಇಲ್ಲವೆಂದು ಅವನಿಗೆ ಯಾರೂ ಹೇಳಲಿಲ್ಲವೇ? ಹೀಗೆ ಕೇಳುವವರಿಗೆ ನಾನೇ ಹೋಳಿಗೆ ಬಡಿಸುತ್ತೇನೆ. ಹೇಳಿದವನಿದ್ದಾನೆ: ರಿಕೋಟೆ. ಸ್ಪೇನಿನ ದೊರೆ 1609ರಿಂದ ಹೊರಗಟ್ಟಿದ ಮೊರಿಸ್ಕೋ ಜನರಲ್ಲಿ, ಎಂದರೆ ಕ್ರೈಸ್ತರಾಗಿ ಮತಾಂತರಗೊಂಡ ಮುಸ್ಲಿಮರ ವಂಶದವರಲ್ಲಿ, ಒಬ್ಬ, ಸಾಂಚೋನ ನೆರೆಯವನು, ಹೂತಿಟ್ಟ ಹಣಕ್ಕಾಗಿ ವೇಷ ಮರೆಸಿಕೊಂಡು ಬಂದವನು. ಅಧಿಕಾರ ಬಿಟ್ಟು ಬರುತ್ತಿದ್ದ ಸಾಂಚೋ ದಾರಿಯಲ್ಲಿ ಸಿಗುತ್ತಾನೆ. ಎಲ್ಲಿದೆ ನಿನ್ನ ಇನ್ಸುಲಾ? ಇಲ್ಲೇ, ಎರಡು ಹರಿದಾರಿ. ಸುಮ್ಮನಿರು ಸಾಂಚೋ, ಇನ್ಸುಲಾಗಳು ಇರುವುದು ಸಮುದ್ರದೊಳಗೆ, ನೆಲದ ಮೇಲಲ್ಲ ಎನ್ನುತ್ತಾನೆ ರಿಕೋಟೆ. ಕಾಲಿಡಲು ಸ್ವಂತ ನೆಲವಿಲ್ಲದವನು ಭೂಗೋಳ ಹೇಳಿಕೊಡುತ್ತಾನೆ! ಸಾಂಚೋ ಸೋಲೊಪ್ಪುವುದಿಲ್ಲ. ಅಲ್ಲಿ ಏನು ಗಳಿಸಿದೆ ಎಂದರೆ, ದನದ ಮಂದೆಯ ಹೊರತು ಏನನ್ನೂ ಆಳಲಾರೆನೆಂಬ ಅರಿವನ್ನು ಗಳಿಸಿದೆ ಎನ್ನುತ್ತಾನೆ.

ಇದಕ್ಕಿಂತಲೂ ನನ್ನನ್ನು ಕಾಡುವುದು ಕೊನೆಯ ಅಧ್ಯಾಯ. ಡಾನ್ ಕ್ವಿಕ್ಸೋಟ್‌ನ ಹುಚ್ಚು ಬಿಟ್ಟಿದೆ, ವೀರಕಥೆಗಳನ್ನೆಲ್ಲ ಶಪಿಸಿದ್ದಾನೆ, ಉಯಿಲು ಬರೆಸುತ್ತಿದ್ದಾನೆ, ಸಾಂಚೋ ಅಲ್ಲೇ ಇದ್ದಾನೆ. ಹುಚ್ಚನಾಗಿದ್ದಾಗ ಇವನಿಗೆ ಇನ್ಸುಲಾದ ಆಡಳಿತ ಕೊಡಿಸಲು ಕಾರಣನಾದೆ, ಬುದ್ಧಿ ನೆಟ್ಟಗಿರುವ ಈಗ ಸಾಧ್ಯವಿದ್ದರೆ ರಾಜ್ಯವನ್ನೇ ಕೊಡುತ್ತಿದ್ದೆ ಎನ್ನುತ್ತಾನೆ. ಊರು ಎನ್ನಬಹುದಿತ್ತು. ಇನ್ಸುಲಾ ಎಂದೇ ಬರೆಸುತ್ತಾನೆ. ಸಾಂಚೋನ ಎದುರಿಗೆ ಅದನ್ನು ಊರು ಎನ್ನಲು ಮನಸ್ಸು ಬಾರದೆ ಹಾಗೆ ಬರೆಸಿದನೆಂದು ನನ್ನ ಗುಮಾನಿ.