ಪಾನಕ ಮಾಡಿದ್ವಿ ಆಂಟಿ

ಏಪ್ರಿಲ್ 29, 2024, ಸೋಮವಾರ ರಾತ್ರಿ

ನಿನ್ನೆ ಬೆಂಗಳೂರಲ್ಲಿ 38.5 ಡಿಗ್ರಿಯಂತೆ. 2016ರ ಏಪ್ರಿಲ್‌ನಲ್ಲಿ 39.2 ಮುಟ್ಟಿತ್ತಲ್ಲ, ಅದು ಬಿಟ್ಟರೆ ಐವತ್ತು ವರ್ಷದಲ್ಲಿ ಇದೇ ಜಾಸ್ತಿ ಅಂತ ಪೇಪರಿನಲ್ಲಿದೆ. ಅಂಥ ದಿನ ನೋಡಿಕೊಂಡು ಟೆರೇಸಿನ ಮೇಲೆ ಇದ್ದಿಲು ಹೊತ್ತಿಸಿದೆ. "ನಿಂಗೆ ತಲೆ ಸರಿ ಇದೆಯಾ?" ಅಂದರು ಇವರು. ಅಡುಗೆಮನೆಯಲ್ಲಿ ನಾನು ಬೇಯುವುದಕ್ಕಿಂತ ಮೇಲೆ ಕೋಳಿ ಬೇಯಲಿ ಅಂದೆ. ಬೀಸಣಿಗೆ ಹಿಡಿದುಕೊಂಡು ಹಿಂದೆಯೇ ಬಂದರು, ಪಾಪ.

ಕೋಳಿ ಚೆನ್ನಾಗಿಯೇ ಆಯಿತು. ಬೆಳಿಗ್ಗೆಯಿಂದ ಕೊರೆಯುತ್ತಿರುವುದು ಕೆಳಗಿನ ಮನೆಯ ಓನರ್ ಆಂಟಿಗೆ ಹೇಳಿದ ಒಂದು ಮಾತು. ಅದಕ್ಕೆ ಮೊದಲು ಕೋಳಿಗೆ ಹಿಂಡಿದ ಹೇರಳೆಕಾಯಿ ಎಲ್ಲಿಂದ ಬಂತು ಅಂತ ಹೇಳಬೇಕು.

ಆಂಟಿಯ ತಮ್ಮ ಶುಕ್ರವಾರ ಹಾಸನದ ಕಡೆ ಓಟು ಹಾಕಿ, ಶನಿವಾರ ಇಲ್ಲಿಗೆ ಬಂದಿದ್ದರು. ಬರುವಾಗ ತೋಟದಿಂದ ಅರ್ಧ ಚೀಲ ಹೇರಳೆಕಾಯಿ. ಆಂಟಿ ನಮಗೆ ನಾಲ್ಕು ಕೊಟ್ಟರು. "ಚಿತ್ರಾನ್ನಕ್ಕೆ ಒಂದು ಸಾಕು, ಮಿಕ್ಕಿದ್ದು ಉಪ್ಪಿಗೆ ಹಾಕು" ಅಂದರು. ಮುಷ್ಟಿಗಿಂತ ದೊಡ್ಡವು, ದಪ್ಪ ಸಿಪ್ಪೆ. ಉಗುರು ತಾಗಿಸಿದರೆ ಸಾಕು, ಇಡೀ ಮೆಟ್ಟಿಲು ಘಮ್ಮೆಂದಿತು.

ಅದೇ ರಾತ್ರಿ ಅಕ್ಕನ ಫೋನು. ಅಮೆರಿಕದ ಟ್ಯಾಂಪಾದಲ್ಲಿ ಅವಳ ಪಕ್ಕದ ಮನೆಯವರು ಕ್ಯೂಬಾದವರು. ಬೇಸಿಗೆ ಬಂತೆಂದರೆ ಅವರ ಹಿತ್ತಲಲ್ಲಿ ಕೋಳಿ ಸುಡುತ್ತಿರುತ್ತದೆ. ಹುಳಿ ಕಿತ್ತಳೆ ರಸ, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಓರಿಗ್ಯಾನೋ, ಎಣ್ಣೆ. ಮೋಹೊ ಅನ್ನುತ್ತಾರೆ ಅದಕ್ಕೆ. ಆ ಹುಳಿ ಕಿತ್ತಳೆ ಸಿಗದಿದ್ದರೆ ಮಾಮೂಲಿ ಕಿತ್ತಳೆಗೆ ನಿಂಬೆ ಹಿಂಡಿಕೊಳ್ಳುತ್ತಾರಂತೆ. "ನಿಮ್ಮಲ್ಲಿ ಎಲ್ಲಿ ಸಿಗತ್ತೆ ಬಿಡು" ಅಂದಳು. ಆ "ನಿಮ್ಮಲ್ಲಿ" ಕೇಳಿ ನನಗೆ ಸ್ವಲ್ಪ ಉರಿಯಿತು. ಹದಿನಾಲ್ಕು ವರ್ಷದ ಹಿಂದೆ ಇಲ್ಲಿಂದಲೇ ಹೋದವಳು ತಾನೇ. ಕಣ್ಣೆದುರೇ ನಾಲ್ಕು ಹೇರಳೆಕಾಯಿ ಕೂತಿದ್ದವು.

ಓರಿಗ್ಯಾನೋ ಇನ್ನೂ ತಮಾಷೆ. ಡ್ರಾಯರಿನಲ್ಲಿ ಪಿಜ್ಜಾ ಜೊತೆ ಬಂದ ಪೊಟ್ಟಣಗಳು ಒಂದಿಪ್ಪತ್ತು ಇದ್ದವು. ಕೈ ಹಾಕಿದವಳು ಬಿಟ್ಟೆ. ನಮ್ಮ ದೊಡ್ಡಪತ್ರೆಗೆ ಹೊರಗಿನವರು ಕ್ಯೂಬನ್ ಓರಿಗ್ಯಾನೋ ಅಂತಲೂ ಕರೆಯುತ್ತಾರೆ! ಬಾಲ್ಕನಿಯ ಕುಂಡದಲ್ಲಿ ಅಕ್ಕಿ ತೊಳೆದ ನೀರು ಕುಡಿದುಕೊಂಡು ಅದೊಂದೇ ಈ ಬೇಸಿಗೆಯಲ್ಲಿ ಬದುಕಿದೆ. ಎಂಟು ಎಲೆ ಕಿತ್ತು ಜಜ್ಜಿದೆ. ಆ ಕುಂಡವೂ ಆಂಟಿ ಕೊಟ್ಟಿದ್ದು ಅಂತ ಆಗ ನೆನಪಾಗಲಿಲ್ಲ.

ಹಿಂದಿನ ಭಾನುವಾರ ಮಹಾವೀರ ಜಯಂತಿ, ಮಾಂಸದ ಅಂಗಡಿ ಬಂದ್. ಹಾಗಾಗಿ ನಿನ್ನೆ ಅಂಗಡಿ ಮುಂದೆ ಜಾತ್ರೆ. ಸ್ಕಿನ್ ಔಟ್ ಬೇಡ, ಚರ್ಮ ಇರಲಿ ಅಂತ ಮೂರು ಸಲ ಕೂಗಿ ಹೇಳಿದೆ. ಆದರೂ ಹುಡುಗನ ಕೈ ತಾನಾಗಿಯೇ ಚರ್ಮ ಎಳೆಯಲು ಹೋಗುತ್ತದೆ. ತೊಡೆ, ಕಾಲು ಸೇರಿದ ಆರು ದೊಡ್ಡ ತುಂಡು, ಒಂದೂಕಾಲು ಕೆಜಿ. ಎದೆಯ ಭಾಗ ಬೇಡವೇ ಬೇಡ, ಇದ್ದಿಲ ಮೇಲೆ ಅದು ರಟ್ಟಾಗುತ್ತದೆ.

ತೊಳೆಯಲಿಲ್ಲ. ಅತ್ತೆಗೆ ಗೊತ್ತಾದರೆ ಊಟ ಮುಟ್ಟುವುದಿಲ್ಲ, ಆದರೂ ಸರಿ. ತೊಳೆದರೆ ಕೊಳೆ ಸಿಂಕಿನ ಸುತ್ತ ಸಿಡಿಯುತ್ತದೆ, ರೋಗಾಣು ಸಾಯುವುದು ಬೆಂಕಿಯಲ್ಲಿ ಮಾತ್ರ. ಮೇಲಾಗಿ ನೀರೆಲ್ಲಿದೆ? ಬೋರು ಮಾರ್ಚಲ್ಲೇ ಕೈ ಕೊಟ್ಟಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಹಾಕುವ ಊರಿನಲ್ಲಿ ಕೋಳಿಗೆ ಮೂರು ಸಲ ಸ್ನಾನವೇ? ಪೇಪರ್ ಟವೆಲ್ಲಿನಲ್ಲಿ ಒರೆಸಿದೆ.

ಎರಡು ಹೇರಳೆಕಾಯಿಯ ರಸ, ಒಂದು ಮೂಸಂಬಿಯ ರಸ, ಹನ್ನೆರಡು ಎಸಳು ಬೆಳ್ಳುಳ್ಳಿ, ಹುರಿದು ಪುಡಿ ಮಾಡಿದ ಜೀರಿಗೆ, ಕಾಳುಮೆಣಸು, ಎಣ್ಣೆ, ದೊಡ್ಡಪತ್ರೆ. ಸಿಪ್ಪೆಯ ಹಸಿರು ಭಾಗವನ್ನಷ್ಟೇ ತುರಿದು ಹಾಕಿದೆ. ಪರಿಮಳವೆಲ್ಲ ಆ ಹಸಿರಿನ ಎಣ್ಣೆಯಲ್ಲಿದೆ, ಕೆಳಗಿನ ಬಿಳಿ ಭಾಗ ಬರೀ ಕಹಿ. ಒಂದೂವರೆ ಗಂಟೆ ನೆನೆಸಿದೆ, ಅಷ್ಟೇ. ಹೋದ ವರ್ಷ ನಿಂಬೆರಸದಲ್ಲಿ ರಾತ್ರಿಯಿಡೀ ಬಿಟ್ಟು ಕೆಟ್ಟಿದ್ದೆ, ನೆನಪಿದೆಯಲ್ಲ? ಹುಳಿ ಒಳಗೆ ಇಳಿಯುವುದೇ ಕಡಿಮೆ, ಮೇಲುಮೇಲೇ ಕೆಲಸ ಮಾಡುತ್ತದೆ. ಬೆಂಕಿ ಕಾಣುವ ಮೊದಲೇ ಮಾಂಸದ ಹೊರಭಾಗ ಬೆಂದ ಹಾಗೆ ಬೆಳ್ಳಗಾಗುತ್ತದೆ, ಆಮೇಲೆ ಹಿಟ್ಟು ಹಿಟ್ಟು. ಒಳಗಿನವರೆಗೂ ಹೋಗುವುದು ಉಪ್ಪು. ಅದಕ್ಕೇ ಈ ಸಲ ಉಪ್ಪನ್ನು ಬೆಳಿಗ್ಗೆಯೇ ಸವರಿ ಫ್ರಿಜ್ಜಿಗಿಟ್ಟು, ಹುಳಿಯನ್ನು ಸಂಜೆ ಹಾಕಿದೆ.

ಇದ್ದಿಲು ಇಸ್ತ್ರಿ ಅಣ್ಣನ ಹತ್ತಿರ ತಂದಿದ್ದು. ಸಿಮೆಂಟು ಹೊರುವ ಹಳೆ ಬಾಂಡ್ಲಿಯೇ ಒಲೆ, ಓವನ್ನಿನ ಜಾಲರಿಯೇ ಗ್ರಿಲ್. ಕೆಂಡವನ್ನೆಲ್ಲ ಒಂದು ಬದಿಗೆ ಸರಿಸಿ, ಕೋಳಿಯನ್ನು ಇನ್ನೊಂದು ಬದಿಗಿಟ್ಟು, ಮೇಲೆ ಪಾತ್ರೆ ಮುಚ್ಚಬೇಕು. ನೇರ ಕೆಂಡದ ಮೇಲಿಟ್ಟರೆ ಚರ್ಮದ ಕೊಬ್ಬು ತೊಟ್ಟಿಕ್ಕಿ ಬೆಂಕಿ ಏಳುತ್ತದೆ, ಹೊರಗೆ ಕರಿ, ಒಳಗೆ ಹಸಿ. ಕೊನೆಯ ಐದು ನಿಮಿಷ ಮಾತ್ರ ಚರ್ಮ ಕೆಳಗೆ ಮಾಡಿ ಕೆಂಡಕ್ಕೆ ತೋರಿಸಿದರೆ ಆಯಿತು. ಇವರು ಬೀಸಿದ ರಭಸಕ್ಕೆ ಬೂದಿಯೆಲ್ಲ ಮೊದಲ ತುಂಡಿನ ಮೇಲೆ. ಅದನ್ನು ಅವರ ತಟ್ಟೆಗೇ ಹಾಕಿದೆ.

ಎಂಟು ಗಂಟೆ ಇರಬೇಕು. ಟೆರೇಸಿನ ನೆಲ ಇನ್ನೂ ಕಾದ ಕಾವಲಿ. ಬರಿಗಾಲಲ್ಲಿ ನಿಲ್ಲಲಾಗದೆ ಪುಟ್ಟಿ ಕುಣಿಯುತ್ತಿದ್ದಳು. ಆಂಟಿ ಟಾರ್ಚು ಹಿಡಿದು ಟ್ಯಾಂಕ್ ನೋಡಲು ಮೇಲೆ ಬಂದರು.

ನಾವು ಈ ಮನೆಗೆ ಬಂದು ಆರು ವರ್ಷ. ಇದಕ್ಕೆ ಮೊದಲು ನಾಲ್ಕು ಮನೆ ನೋಡಿದ್ದೆವು. ನಾಲ್ಕರಲ್ಲೂ ಬಾಡಿಗೆ ಹೇಳುವ ಮೊದಲೇ "ನೀವು ವೆಜ್ಜಾ?" ಅಂತ ಕೇಳಿ ಬಾಗಿಲು ಹಾಕಿದ್ದರು. ಆಂಟಿ ಮಾತ್ರ "ಮಾಡ್ಕೊಳ್ಳಿ, ಕಸ ಕಟ್ಟಿ ಹಾಕಿ" ಅಂದಿದ್ದರು. ಆಮೇಲೆ ಆ ವಿಷಯ ಎತ್ತಿದ್ದೇ ಇಲ್ಲ. ಟೆರೇಸಿನಲ್ಲಿ ಸುಡುವುದಕ್ಕೂ ಕೇಳಿಯೇ ಹತ್ತಿದ್ದೆ. "ಗಾಳಿ ನಮ್ಮ ಕಿಟಕಿ ಕಡೆ ಇಲ್ದಾಗ ಮಾಡ್ಕೊ" ಅಂದರು.

ಟ್ಯಾಂಕಿನ ಮುಚ್ಚಳ ಎತ್ತಿ ನೋಡಿ, ಇಳಿದು ಹೋಗುವ ಬದಲು ಅಲ್ಲೇ ಮೆಟ್ಟಿಲ ಮೇಲೆ ಕುಳಿತರು. ಕೆಳಗೆ ಫ್ಯಾನಿನಿಂದಲೂ ಬಿಸಿಗಾಳಿಯೇ ಬರುತ್ತಿದೆ ಅಂದರು. ಮಳೆ ಬರಲಿಲ್ಲ ಅಂದರು. ಆಮೇಲೆ ಮೂಗೆತ್ತಿ, "ಹೇರಳೆ ವಾಸನೆ ಬರ್ತಿದೆ ಅಲ್ವಾ?" ಅಂದರು.

"ಪಾನಕ ಮಾಡಿದ್ವಿ ಆಂಟಿ" ಅಂದುಬಿಟ್ಟೆ.

ಯಾಕೆ ಅಂದೆ? ಗೊತ್ತಿಲ್ಲ. ಬೇಡ ಅನ್ನುವವರಲ್ಲ ಅವರು. ಕೋಳಿ ಇರುವುದು ಅವರ ಕಣ್ಣೆದುರೇ. ಅವರ ತವರಿನ ಗಿಡದ ಹಣ್ಣು ಕೋಳಿಗೆ ಹೋಯಿತು ಅಂತ ಹೇಳಲು ಮಾತ್ರ ಬಾಯಿ ಬರಲಿಲ್ಲ. ಪುಟ್ಟಿ ನನ್ನ ಮುಖ ನೋಡಿದಳು. ಇವರು ಇನ್ನೂ ಜೋರಾಗಿ ಬೀಸತೊಡಗಿದರು.

ಆಂಟಿ ಸ್ವಲ್ಪ ಹೊತ್ತು ಕೆಂಡ ನೋಡುತ್ತಿದ್ದರು. "ಬೀಜ ತೆಗೆದ್ಯಾ?" ಅಂದರು.

"ಹ್ಞೂಂ."

"ಬೀಜ ಜಜ್ಜಿದ್ರೆ ಎಲ್ಲ ಕಹಿ ಆಗತ್ತೆ. ಪಾನಕ ಆದ್ರೂ ಅಷ್ಟೇ, ಏನಾದ್ರೂ ಅಷ್ಟೇ." ಟಾರ್ಚು ಆರಿಸಿ ಕತ್ತಲಲ್ಲೇ ಇಳಿದು ಹೋದರು.

ಏನಾದ್ರೂ ಅಷ್ಟೇ. ಬೆಳಿಗ್ಗೆಯಿಂದ ಅದನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ಇವರು "ಅವರಿಗೆ ಗೊತ್ತಾಗಿದೆ, ಬಿಡು" ಅನ್ನುತ್ತಾರೆ. ಗೊತ್ತಾಗಿದ್ದರೆ ಇನ್ನೂ ಕಷ್ಟ, ಅಲ್ವಾ?

ಊಟ? ಪುಟ್ಟಿ ಮೂಳೆ ಚೀಪಿ ಚೀಪಿ ಬಿಟ್ಟಳು. ಅಕ್ಕ ಕೊಟ್ಟಿದ್ದ ಥರ್ಮಾಮೀಟರ್ ಚುಚ್ಚಿ ನೋಡಿದ್ದೆ. 74 ಡಿಗ್ರಿ ಸೆಲ್ಸಿಯಸ್ ದಾಟಿದರೆ ತಿನ್ನಬಹುದು, ನಾನು ತೊಡೆಯನ್ನು 82ರವರೆಗೆ ಬಿಡುತ್ತೇನೆ, ಎಲುಬಿನ ಹತ್ತಿರದ ನಾರು ಆಗಲೇ ಬಿಡುವುದು. ಚರ್ಮದ ಮೇಲೆ ಮೂಸಂಬಿಯ ಸಿಹಿ ಕಂದಾಗಿ ಹಿಡಿದಿತ್ತು. ಹೊಗೆಯ ಹಿಂದೆ ಹೇರಳೆಯ ಸಣ್ಣ ಕಹಿ. ಅಕ್ಕನಿಗೆ ಫೋಟೋ ಕಳಿಸಿದರೆ, ಪಕ್ಕದಲ್ಲಿರುವ ಮೊಸರನ್ನ ಯಾಕೆ ಅಂತ ಕೇಳಿದಳು. 38 ಡಿಗ್ರಿಯಲ್ಲಿ ಮೊಸರನ್ನ ಯಾಕೆ ಅಂತೆ!

ಇನ್ನೆರಡು ಹೇರಳೆಕಾಯಿ ಫ್ರಿಜ್ಜಿನಲ್ಲಿವೆ. ಉಪ್ಪಿಗೆ ಹಾಕಿ, ಉಪ್ಪಿನಕಾಯಿ ಮಾಡಿ ಕೆಳಗೆ ಕೊಡಬೇಕು ಅಂದುಕೊಂಡೆ. ಆಗ ಹೊಳೆಯಿತು. ಆರು ವರ್ಷದಿಂದ ಅವರ ಮನೆ ಡಬ್ಬಿಗಳು ನಮ್ಮನೆಗೆ ಬರುತ್ತವೆ. ಹುಳಿಯವಲಕ್ಕಿ, ದೊಡ್ಡಪತ್ರೆ ತಂಬುಳಿ, ಯುಗಾದಿಗೆ ಒಬ್ಬಟ್ಟು. ನಾವು ವಾಪಸ್ ಕೊಡುವುದು ಹಣ್ಣು, ಅಂಗಡಿಯ ಸ್ವೀಟ್ ಬಾಕ್ಸ್. ನಮ್ಮ ಅಡುಗೆಮನೆಯಲ್ಲಿ ಮಾಡಿದ್ದನ್ನು ಒಂದು ಸಲವೂ ಕೊಟ್ಟಿಲ್ಲ. ಅವರು ಬೇಡ ಅಂದಿಲ್ಲ. ನಾನೇ ಕೊಟ್ಟಿಲ್ಲ. ಕೊಟ್ಟರೆ ತಿನ್ನುತ್ತಾರಾ? ಹೊಸ ಜಾಡಿ ತಂದು ಅದರಲ್ಲಿ ಹಾಕಿದರೆ? ಹೊಸ ಜಾಡಿ ಅಂತ ಹೇಳಬೇಕಾ, ಸುಮ್ನೆ ಕೊಟ್ಟು ಬರಬೇಕಾ? ಹೇಳಿದರೆ ನಾನೇ ಅವರನ್ನು

ಕೆಳಗೆ ಟ್ಯಾಂಕರ್ ಬಂತು, ಆಂಟಿ ಕೂಗುತ್ತಿದ್ದಾರೆ, ಮೋಟರ್ ಹಾಕಬೇಕು.