ಬೀದರಿನ ಕಪ್ಪು

ಪುಸ್ತಕಗಳಿಗೆ ಮುಖಪುಟ ಬರೆಯುವ ನನ್ನ ಕೈಗೆ ಕೆಲವು ತಿಂಗಳಿಂದ ಹೊಸ ಗೆರೆಯೊಂದೂ ದಕ್ಕದೆ ಬೇಸರವಾಗಿತ್ತು. ಬಿದರಿ ಕಲೆಯ ಹೂಬಳ್ಳಿಗಳನ್ನಾದರೂ ನಕಲು ಮಾಡಿಕೊಂಡು ಬರೋಣವೆಂದು ಬೀದರಿಗೆ ಹೋದೆ. ಮೊದಲೆರಡು ದಿನ ಕೋಟೆ, ರಂಗೀನ್ ಮಹಲ್, 1472ರ ಮಹಮೂದ್ ಗವಾನ್ ಮದರಸಗಳಲ್ಲಿ ಕಳೆದವು. ಮದರಸದ ಉಳಿದಿರುವ ಮಿನಾರಿನ ಮೇಲೆ ಅಂಕುಡೊಂಕಾಗಿ ಏರುವ ಬಣ್ಣದ ಬಿಲ್ಲೆಗಳನ್ನು ಬಿಟ್ಟರೆ ನಾನು ಗೀಚಿಕೊಂಡದ್ದು ಅಷ್ಟಕ್ಕಷ್ಟೆ.

ಮೂರನೆಯ ದಿನ ಹಿರಿಯ ಕುಶಲಕರ್ಮಿಯೊಬ್ಬರ ಮನೆಯ ಮುಂಗೋಣೆಯಲ್ಲಿ ಕುಳಿತೆ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದ ಡಬ್ಬಿಗೆ ಮೈಲುತುತ್ತದ ನೀರು ಬಳಿದು ಕಪ್ಪಾಗಿಸಿ, ಉಳಿಯಿಂದ ಹೂವು ಕೊರೆದು, ಆ ಸೀಳಿನೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವುದನ್ನೆಲ್ಲ ನಾನು ಓದಿ ತಿಳಿದಿದ್ದೆ. ಓದಿರದಿದ್ದುದು ಅದರ ಮುಂದಿನ ಹಂತ. ಅವರು ಡಬ್ಬಿಯನ್ನು ಉಜ್ಜಿ ನಯಗೊಳಿಸಿದಂತೆ ಆ ಕಪ್ಪು ಕಳಚಿ, ಬೆಳ್ಳಿ ಯಾವುದು, ಸತು ಯಾವುದು ಎಂಬುದೇ ತಿಳಿಯದಂತೆ ಎಲ್ಲವೂ ಒಂದೇ ಬಿಳುಪಾಯಿತು.

"ಹೂವು ಎಲ್ಲಿ ಹೋಯಿತು, ಚಾಚಾ?" ಎಂದೆ.

"ಅಲ್ಲೇ ಅದರೀ. ಮಣ್ಣು ತೋರಸ್ತದ, ತಡೀರಿ."

ಆ ಮಣ್ಣು ಕೋಟೆಯೊಳಗಿನದು. ಬಿಸಿಲು, ಮಳೆ ತಾಗದ ಜಾಗದ್ದೇ ಆಗಬೇಕಂತೆ. ಅವರು ಚಿಟಿಕೆ ಮಣ್ಣನ್ನು ನಾಲಗೆಯ ತುದಿಗಿಟ್ಟು ತಲೆಯಾಡಿಸಿದರು. ಅದಕ್ಕೆ ನವಸಾಗರವೆಂಬ ಲವಣ ಬೆರೆಸಿ, ಬಿಸಿಮಾಡಿದ ಡಬ್ಬಿಗೆ ಹಚ್ಚಿ ಉಜ್ಜಿದಾಗ ಸತುವೆಲ್ಲ ಕಡುಗಪ್ಪಾಯಿತು. ಬೆಳ್ಳಿಗೆ ಏನೂ ಆಗಲಿಲ್ಲ. ಹೂವು ಮರಳಿ ಬಂದಿತ್ತು. ನಾನು ಅಷ್ಟು ದಿನ ಬೆಳ್ಳಿಯ ಗೆರೆಯನ್ನಷ್ಟೇ ನೋಡುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು. (ಮೊದಲ ದಿನವೇ ಅಂಗಡಿಯೊಂದರಲ್ಲಿ ಬಿದರಿಯೆಂದು ಕೊಂಡ ಕೀಲಿಗೊಂಚಲನ್ನು ಅವರಿಗೆ ತೋರಿಸಿದೆ, ಅವರು ಉಗುರಿನಿಂದ ಕೆರೆದದ್ದೇ ತಡ, ಬೆಳ್ಳಿಯ ಬಣ್ಣ ಉದುರಿತು. ಕೊಳ್ಳುವವರು ಮೊದಲು ಮಾಡುವವರ ಬಳಿ ಕುಳಿತು, ಆಮೇಲೆ ಅಂಗಡಿಯ ಮೆಟ್ಟಿಲು ಹತ್ತುವುದು ಲೇಸು.)

ಅಲ್ಲಿಂದ ಎದ್ದವನು ಮತ್ತೆ ರಂಗೀನ್ ಮಹಲಿಗೆ ಹೋದೆ. ಕರಿಗಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಬಳ್ಳಿಗಳನ್ನು ಹಿಂದಿನ ದಿನ ಮನಸಾರೆ ಹೊಗಳಿದ್ದೆ, ಕಲ್ಲನ್ನು ಮಾತ್ರ ಗಮನಿಸಿರಲಿಲ್ಲ. ಸಂಜೆ ಊರ ನಡುವಿನ ಹಳೆಯ ಕಾವಲು ಗೋಪುರ ಚೌಬಾರದ ಸುತ್ತ ಅಲೆಯುವಾಗ ಅಂಗಡಿಗಳ ಮಸಿ ಹಿಡಿದ ಬಾಗಿಲು, ಕರಿಹಲಗೆಯ ಮೇಲಿನ ಸುಣ್ಣದ ಅಕ್ಷರ, ಹಳೆಯ ಗೋಡೆಯ ಕತ್ತಲ ಗೂಡು, ಹೀಗೆ ಕಂಡದ್ದೆಲ್ಲ ಯಾವುದೋ ಗೆರೆಗಾಗಿ ಕಾದ ನೆಲದಂತೆ ತೋರತೊಡಗಿತು.

ರಾತ್ರಿಯ ಬಸ್ಸಿನಲ್ಲಿ ಪುಸ್ತಕ ತೆರೆದು, ಹೂವು ಬರೆಯದೆ ಅದರ ಸುತ್ತಲಿನ ಜಾಗವನ್ನಷ್ಟೇ ಪೆನ್ಸಿಲಿನಿಂದ ತುಂಬುತ್ತ ಹೋದೆ. ಹುಮನಾಬಾದ್ ಬರುವ ಹೊತ್ತಿಗೆ ಪೆನ್ಸಿಲು ಗೇಣಿನಿಂದ ಬೆರಳುದ್ದಕ್ಕೆ ಇಳಿದಿತ್ತು.