ಮಾಸ್ತರರ ಕೆಂಪು ಶಾಯಿ: ಮೂರನೆಯ ವಾರ

ನನಗೆ ಕಲಿಸಿದ ಮಾಸ್ತರರು ಮಕ್ಕಳ ಬರಹ ತಿದ್ದಿಟ್ಟ 11 ನೋಟ್‌ಬುಕ್ಕುಗಳಲ್ಲಿ 4 ಮುಗಿದಿವೆ. ದೀಪಾವಳಿಯೊಳಗೆ ಎಲ್ಲವನ್ನೂ ಟೈಪ್ ಮಾಡಿ ಮುಗಿಸುತ್ತೇನೆಂದು ಅವರ ಮನೆಯವರಿಗೆ ಮಾತು ಕೊಟ್ಟಿದ್ದೇನೆ. ಮಾಸ್ತರರು ಇದ್ದಿದ್ದರೆ “ಯಾವ ವರ್ಷದ್ದು?” ಎನ್ನುತ್ತಿದ್ದರು. ಅವರು ಹೋದದ್ದು ಚೈತ್ರದಲ್ಲಿ.

ಕುಮಟೆಯ ಮಳೆಗಾಲಕ್ಕೂ ಕಾಗದಕ್ಕೂ ಆಗಿಬರುವುದಿಲ್ಲ. ಅವರ ಮನೆಯ ಅಟ್ಟದಿಂದ ಇಳಿಸಿದ ಐದನೆಯ ನೋಟ್‌ಬುಕ್ಕಿನ ಹಾಳೆಗಳು ಬೂಷ್ಟು ಹಿಡಿದು ಹಸಿ ಹಪ್ಪಳದ ಹಾಗೆ ಅಂಟಿಕೊಂಡಿದ್ದವು. ಬಿಸಿಲಿಗೆ ಹಾಕಿದರೆ ಶಾಯಿ ಮಾಸುತ್ತದೆ. ನೆರಳಲ್ಲಿ, ಫ್ಯಾನಿನ ಕೆಳಗೆ, ನಡುನಡುವೆ ಅಚ್ಚಿಲ್ಲದ ನ್ಯೂಸ್‌ಪ್ರಿಂಟ್ ಇಟ್ಟು ಬಿಟ್ಟಿದ್ದೇನೆ. ಹಳೆಯ ಪೇಪರ್ ಇಡಬಾರದು, ಅದರ ಮಸಿ ಇದಕ್ಕೆ ಹತ್ತುತ್ತದೆ. (ಮೊದಲ ದಿನ ನಾನೇ ಇಟ್ಟಿದ್ದೆ.)

ಈ ವಾರವನ್ನು ನುಂಗಿದ್ದು ಅವರು ಕಂಪ್ಯೂಟರಿನ ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿಟ್ಟ ಪಾಠಗಳು. ಈಗ ಎಲ್ಲೆಡೆ ಬಳಸುವ ಯುನಿಕೋಡಿಗೆ ತಂದರೆ ಗೋಕರ್ಣ ಹೋಗಿ ‘ಗೋಕಣರ್’, ಸೂರ್ಯ ಹೋಗಿ ‘ಸೂಯರ್’. ಹಳೆಯ ಫಾಂಟಿನಲ್ಲಿ ಅರ್ಕಾವತ್ತು (ರಕಾರದ ಒತ್ತು) ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂರುತ್ತದೆ. ಯುನಿಕೋಡಿಗೆ ಉಚ್ಚಾರದ ಕ್ರಮದಲ್ಲಿ ರಕಾರವೇ ಮೊದಲು ಬೇಕು. ಒಂದೇ ಏಟಿಗೆ ಎಲ್ಲವನ್ನೂ ಅದಲುಬದಲು ಮಾಡಹೋದೆ. ಸರಿಯಾಗಿಯೇ ಇದ್ದ ‘ಪೇಪರ್’ ‘ಪೇರ್ಪ’ ಆಯಿತು. ಈಗ ಒಂದೊಂದೇ ಪದ ನೋಡುತ್ತಿದ್ದೇನೆ.

ನೋಟ್‌ಬುಕ್ಕುಗಳಲ್ಲಿರುವುದು ಮಕ್ಕಳ ಬರಹದ ಸಾಲುಗಳು, ಪಕ್ಕದಲ್ಲಿ ಇವರ ಕೆಂಪು ಶಾಯಿ. ‘ಹೇಳಲಾಯಿತು’ ಎಂದಲ್ಲೆಲ್ಲ ‘ಯಾರು?’. ‘ಒಂದು ಸುಂದರ ಸಂಜೆ’ ಎಂಬುದಕ್ಕೆ ‘ಎರಡಿದ್ದವೇ?’. ಮೀನುಗಾರರ ಮನೆಯ ಹುಡುಗನೊಬ್ಬ ‘ಬಲೆ ಹಾಕಿದರು’ ಎಂದಷ್ಟೇ ಬರೆದಿದ್ದಾನೆ. ಅದಕ್ಕೆ: ‘ಬೀಸುಬಲೆಯೋ, ರಂಪಣಿಯೋ? ಒಬ್ಬನಿದ್ದನೋ, ಊರೇ ನೆರೆದಿತ್ತೋ ಎಂಬುದು ಅದರಲ್ಲಿಯೇ ಇದೆ. ನಿನಗೆ ಗೊತ್ತಿದ್ದದ್ದನ್ನು ನನ್ನಿಂದ ಏಕೆ ಮುಚ್ಚಿಟ್ಟೆ?’ ಬೀಸುಬಲೆಯನ್ನು ಒಬ್ಬನೇ ಎಸೆಯುತ್ತಾನೆ; ರಂಪಣಿ ಊರವರೆಲ್ಲ ಸೇರಿ ದಡಕ್ಕೆ ಎಳೆಯುವ ದೊಡ್ಡ ಬಲೆ. ಮಾಸ್ತರರ ಈ ಸಾಲು ಟೈಪ್ ಮಾಡಿದ ಮೇಲೆ ಆ ದಿನ ಮುಂದೆ ಹೋಗಲಾಗಲಿಲ್ಲ.

ನಾನು ಅವರ ವಿದ್ಯಾರ್ಥಿ; ಆಮೇಲೆ 12 ವರ್ಷ ಅದೇ ಶಾಲೆಯಲ್ಲಿ ಜೊತೆಗೆ ಕೆಲಸ ಮಾಡಿದೆ. ಜೊತೆಯವನಾದ ಮೇಲೂ ನನ್ನ ರಜೆಯ ಅರ್ಜಿಯನ್ನು ಬಿಡುತ್ತಿರಲಿಲ್ಲ. ‘ತಮ್ಮಲ್ಲಿ ಸವಿನಯವಾಗಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬುದನ್ನು ಹೊಡೆದುಹಾಕಿ ‘ಎರಡು ದಿನ ರಜೆ ಬೇಕು’ ಎಂದು ಬರೆದುಕೊಟ್ಟಿದ್ದರು. ರಜೆ ಸಿಕ್ಕಿತು, ಮುಖ್ಯಾಧ್ಯಾಪಕರ ಸಿಡುಕಿನ ಜೊತೆಗೆ.

ಒಂದು ತೊಡಕು ಉಳಿದಿದೆ. ಅವರು ಕೊನೆಯವರೆಗೂ ‘ಜವಾಬ್ದಾರಿ’ಯನ್ನು ‘ಜವಾಬ್ಧಾರಿ’ ಎಂದೇ ಬರೆದರು. ಇದ್ದಾಗ ಅದನ್ನು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಈಗ ತಿದ್ದಲು ಕೈ ಬರುತ್ತಿಲ್ಲ. ಹಾಗೆಯೇ ಬಿಟ್ಟು, ಪಕ್ಕದಲ್ಲಿ ಕೆಂಪು ಗುರುತು ಹಾಕಿದ್ದೇನೆ. ಐದನೆಯ ನೋಟ್‌ಬುಕ್ಕಿನ 14 ಹಾಳೆಗಳು ಇನ್ನೂ ಬಿಟ್ಟುಕೊಂಡಿಲ್ಲ.